ಕೇಬಲ್ ನೆಟ್‌ನಲ್ಲಿ ಮನೆ ಸರ್ವರ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಉಡುಪಿಯ ಸಂತೆಕಟ್ಟೆಯಿಂದ ಸ್ವಲ್ಪ ಒಳಗೆ. ಟಿವಿ ಕೇಬಲ್ ಎಳೆದವರೇ ಕೊಟ್ಟ ನೆಟ್‌ನಲ್ಲಿ ಆರು ವರ್ಷದಿಂದ ಒಂದು ಸರ್ವರ್ ಓಡುತ್ತಿದೆ. ಅಕ್ಕ ಡೊಂಬಿವಲಿಯಲ್ಲಿ, ಅಣ್ಣ ಶಾರ್ಜಾದಲ್ಲಿ. ಮನೆಯ ಫೋಟೋ, ಭೂತದ ನೇಮದ ವಿಡಿಯೋ, ಅಪ್ಪ ರೆಕಾರ್ಡ್ ಮಾಡಿದ ಯಕ್ಷಗಾನದ ಆಟಗಳು, ಎಲ್ಲ ಇದರಲ್ಲೇ ಉಂಟು. ಒಮ್ಮೆ ಸಿಡಿಲಿಗೆ ಸುಟ್ಟಿತು, ಒಮ್ಮೆ ಮೆಮೊರಿ ಕಾರ್ಡ್ ಸತ್ತಿತು. ಇದೆಲ್ಲ ಗೊತ್ತಿದ್ದೂ ನೆಂಟರು, ಮಂಗಳೂರಿನ ಗೆಳೆಯರು "ನಮಗೂ ಒಂದು ಮಾಡಬೇಕಿತ್ತು" ಅಂತ ಫೋನ್ ಮಾಡುತ್ತಾರೆ. ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ.

ಸರ್ವರ್ ಅಂದರೆ ದೊಡ್ಡ ಯಂತ್ರ ಬೇಕಲ್ವಾ?

ಬೇಡ. ದಿನವಿಡೀ ಆನ್ ಇರುವ, ಕೇಳಿದವರಿಗೆ ಫೈಲ್ ಕೊಡುವ ಯಾವ ಕಂಪ್ಯೂಟರ್ ಆದರೂ ಸರ್ವರ್ರೇ. ಅಂಗೈಯಗಲದ ರಾಸ್ಪ್‌ಬೆರಿ ಪೈ ಸಾಕು. ಆಫೀಸಿನವರು ಮಾರಿಬಿಟ್ಟ ಸಣ್ಣ ಡಬ್ಬದಂಥ ಪಿಸಿ ಇನ್ನೂ ಒಳ್ಳೆಯದು. ಅದರ ಮೇಲೆ ಡೆಬಿಯನ್ ಲಿನಕ್ಸ್ ಹಾಕಿ. ಫೈಲಿಗೆ ನೆಕ್ಸ್ಟ್‌ಕ್ಲೌಡ್, ಫೋಟೋಗೆ ಇಮ್ಮಿಚ್, ವಿಡಿಯೋಗೆ ಜೆಲ್ಲಿಫಿನ್. ಎಲ್ಲ ಪುಕ್ಕಟೆ ಸಾಫ್ಟ್‌ವೇರ್. ಮೂರನ್ನೂ ಒಂದೇ ದಿನ ಹಾಕಬೇಡಿ. ಒಂದು ಹಾಕಿ, ಮನೆಯವರು ಬಳಸುತ್ತಾರಾ ನೋಡಿ. ನಮ್ಮಲ್ಲಿ ಅಮ್ಮ ಫೋಟೋ ಬಿಟ್ಟು ಬೇರೆ ಯಾವುದನ್ನೂ ತೆರೆದವರಲ್ಲ.

ಹಳೆ ಲ್ಯಾಪ್‌ಟಾಪ್ ಒಂದು ಕಪಾಟಿನಲ್ಲಿ ಬಿದ್ದಿದೆ. ಆಗುತ್ತದಾ?

ಚೆನ್ನಾಗಿ ಆಗುತ್ತದೆ. ಕರೆಂಟ್ ಹೋದರೆ ಅದಕ್ಕೆ ಅದರದ್ದೇ ಬ್ಯಾಟರಿ ಉಂಟು. ಅಪಾಯವೂ ಅಲ್ಲೇ. ವರ್ಷವಿಡೀ ಚಾರ್ಜರ್‌ಗೆ ಸಿಕ್ಕಿಸಿಟ್ಟರೆ ನಮ್ಮ ಸೆಖೆಗೆ ಬ್ಯಾಟರಿ ಉಬ್ಬುತ್ತದೆ. ಚಾರ್ಜ್ 60 ಅಥವಾ 80 ಪರ್ಸೆಂಟಿಗೆ ನಿಲ್ಲುವಂತೆ ಸೆಟ್ಟಿಂಗ್ ಇದ್ದರೆ ಹಾಕಿ. ತಿಂಗಳಿಗೊಮ್ಮೆ ತಿರುಗಿಸಿ ನೋಡಿ. ಅಡಿಭಾಗ ಮೇಜಿನ ಮೇಲೆ ಸಮ ಕೂರುತ್ತಿಲ್ಲ ಅಂದರೆ ಬ್ಯಾಟರಿ ತೆಗೆಸಿಬಿಡಿ.

ಕರೆಂಟ್ ಬಿಲ್ ಎಷ್ಟು ಜಾಸ್ತಿ ಬರುತ್ತದೆ?

ಲೆಕ್ಕ ಸುಲಭ. ಎಷ್ಟು ವ್ಯಾಟ್ ಎಳೆಯುತ್ತದೋ ಅದನ್ನು 24ರಿಂದ, ಮತ್ತೆ 30ರಿಂದ ಗುಣಿಸಿ, 1000ದಿಂದ ಭಾಗಿಸಿ. ತಿಂಗಳ ಯೂನಿಟ್ ಸಿಗುತ್ತದೆ. 5 ವ್ಯಾಟಿನ ಪೈಗೆ 3.6 ಯೂನಿಟ್. 10 ವ್ಯಾಟಿನ ಸಣ್ಣ ಪಿಸಿಗೆ 7.2. 60 ವ್ಯಾಟ್ ಎಳೆಯುವ ಹಳೆ ಡೆಸ್ಕ್‌ಟಾಪಿಗೆ 43.2.

ಈ ಕೊನೆಯದ್ದನ್ನು ಹಗುರವಾಗಿ ತಗೊಳ್ಳಬೇಡಿ. ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 170ರಲ್ಲಿ ನಿಂತಿದ್ದ ಮನೆಗೆ ಒಂದು ಡೆಸ್ಕ್‌ಟಾಪ್ ಸರ್ವರ್ ಬಂದರೆ ಗಡಿ ದಾಟಿತು ಅಂತಲೇ ಲೆಕ್ಕ. "ಹಳೆ ಪಿಸಿ ಇತ್ತು, ಖರ್ಚೇ ಇಲ್ಲದೆ ಆಯ್ತು" ಅನ್ನುವವರು ಮೆಸ್ಕಾಂ ಬಿಲ್ ಒಮ್ಮೆ ಎದುರಿಗಿಟ್ಟುಕೊಂಡು ಮಾತಾಡಲಿ.

ಕೇಬಲ್‌ನವರ ನೆಟ್ ಇದಕ್ಕೆ ಸಾಕಾ?

ಮೊದಲು ಮನೆಗೆ ಬರುವ ವಯರ್ ಯಾವುದು ನೋಡಿ. "ಕೇಬಲ್ ನೆಟ್" ಅಂತ ಒಂದೇ ಹೆಸರಿದ್ದರೂ ನಮ್ಮ ಕಡೆ ಮೂರು ಬಗೆ ಉಂಟು.

ಟಿವಿಗೆ ಬರುವಂಥದ್ದೇ ದಪ್ಪ ಕಪ್ಪು ವಯರ್, ತಿರುಗಿಸಿ ಹಾಕುವ ಪಿನ್ ಇದ್ದರೆ ಅದು ಕೋಆಕ್ಸಿಯಲ್. ಇದರಲ್ಲಿ ಡೌನ್‌ಲೋಡಿಗೆ ಅಗಲವಾದ ಜಾಗ, ಅಪ್‌ಲೋಡಿಗೆ ಕೆಳಗಿನ ಸಣ್ಣ ಪಟ್ಟಿ. ಹಳೆಯ ವ್ಯವಸ್ಥೆಯಲ್ಲಿ ಅದು 5 ಮೆಗಾಹರ್ಟ್ಸ್‌ನಿಂದ 42 ಅಥವಾ 65ರವರೆಗೆ ಅಷ್ಟೇ. ಓಣಿಯ ಮನೆಗಳೆಲ್ಲ ಅದನ್ನೇ ಹಂಚಿಕೊಳ್ಳಬೇಕು. ತುಕ್ಕು ಹಿಡಿದ ಒಂದು ಪಿನ್ನಿನ ಗಲಾಟೆ ಸೀದಾ ಆ ಪಟ್ಟಿಗೇ ನುಗ್ಗುತ್ತದೆ. ಸರ್ವರ್ ನಡೆಸುವವನಿಗೆ ಬೇಕಾದ್ದು ಅಪ್‌ಲೋಡ್. ಹಾಗಾಗಿ ಇದು ಮೂರರಲ್ಲಿ ಕಷ್ಟದ್ದು.

ಎರಡನೆಯದು ಕಂಬದಿಂದ ಸೀದಾ ಬರುವ ನೀಲಿ ಅಥವಾ ಬೂದು ಲ್ಯಾನ್ ವಯರ್. ವೇಗ ಚೆನ್ನಾಗಿರುತ್ತದೆ. ಆದರೆ ಈ ವಯರ್ 100 ಮೀಟರಿಗಿಂತ ಜಾಸ್ತಿ ಓಡುವುದಿಲ್ಲ. ಅದಕ್ಕೇ ನಡುವೆ ಯಾರದ್ದೋ ಮನೆಯ ತಾರಸಿಯಲ್ಲಿ ಒಂದು ಸ್ವಿಚ್ ಡಬ್ಬ ಕೂತಿರುತ್ತದೆ. ಅವರ ಮನೆಯ ಕರೆಂಟ್ ಹೋದರೆ ನಿಮ್ಮ ನೆಟ್ ಹೋಯ್ತು.

ಮೂರನೆಯದು ಫೈಬರ್. ಗೋಡೆಯಲ್ಲಿ ಫೈಬರ್ ಬಂದು ಸೇರುವ ಸಣ್ಣ ಬಿಳಿ ಡಬ್ಬ ಇರುತ್ತದೆ, ಅದೇ ಒಎನ್‌ಯು. ಸಾಮಾನ್ಯವಾಗಿ ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಕೆಳಗೆ ಸುಮಾರು 2.5 ಜಿಬಿಪಿಎಸ್, ಮೇಲಕ್ಕೆ ಸುಮಾರು 1.25. ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ದಾರಿಯಲ್ಲಿ ಕರೆಂಟ್ ಬೇಕಾದ ಡಬ್ಬ ಇಲ್ಲ. ಸಿಗುವುದಾದರೆ ಇದನ್ನೇ ಕೇಳಿ.

100 ಎಂಬಿಪಿಎಸ್ ಪ್ಲ್ಯಾನ್ ಇದೆ. ಆದರೂ ಅಕ್ಕನಿಗೆ ಮುಂಬೈಯಲ್ಲಿ ವಿಡಿಯೋ ನಿಂತು ನಿಂತು ಬರುತ್ತದಂತೆ. ಯಾಕೆ?

ಆ 100 ನಿಮಗೆ ಬರುವ ವೇಗ. ಅಕ್ಕನಿಗೆ ಬೇಕಾದ್ದು ನಿಮ್ಮಿಂದ ಹೋಗುವ ವೇಗ. ಸ್ಪೀಡ್ ಟೆಸ್ಟ್‌ನಲ್ಲಿ ಎರಡನೆಯದಾಗಿ ತೋರಿಸುವ, ಯಾರೂ ನೋಡದ ಅಂಕಿ ಉಂಟಲ್ಲ, ಅದು. ಅದನ್ನೂ ರಾತ್ರಿ ಒಂಬತ್ತಕ್ಕೆ ಅಳೆಯಿರಿ. ಬೆಳಿಗ್ಗೆ ಐದಕ್ಕೆ ಎಲ್ಲರ ನೆಟ್ಟೂ ಚೆಂದವೇ.

ಒಂದು ಲೆಕ್ಕ ಹೇಳುತ್ತೇನೆ. ಫೋನಿನಲ್ಲಿ ಸಾಧಾರಣ ಫುಲ್ ಎಚ್‌ಡಿ ವಿಡಿಯೋ ತೆಗೆದರೆ ನಿಮಿಷಕ್ಕೆ ಸುಮಾರು 130 ಎಂಬಿ ಆಗುತ್ತದೆ. ಗಂಟೆಗೆ 7.8 ಜಿಬಿ. ಅಪ್ಪ ಆರು ಗಂಟೆಯ ಆಟ ಪೂರ್ತಿ ತೆಗೆದರೆ 47 ಜಿಬಿ. ನೆಟ್ಟಿನ ವೇಗ ಬಿಟ್ ಲೆಕ್ಕ, ಫೈಲ್ ಬೈಟ್ ಲೆಕ್ಕ, ಎಂಟು ಬಿಟ್‌ಗೆ ಒಂದು ಬೈಟ್; ಹಾಗಾಗಿ ಅಪ್‌ಲೋಡ್ 10 ಎಂಬಿಪಿಎಸ್ ಇದ್ದರೆ ಸೆಕೆಂಡಿಗೆ ಹೋಗುವುದು 1.25 ಎಂಬಿ, ಗಂಟೆಗೆ 4.5 ಜಿಬಿ. ಅಂದರೆ ಆರು ಗಂಟೆಯ ಆಟ ಕಳಿಸಲು ಹತ್ತೂವರೆ ಗಂಟೆ. ಚೌಕಿಯಲ್ಲಿ ಬಣ್ಣ ಹಚ್ಚಿದಲ್ಲಿಂದ ಮಂಗಳದವರೆಗೆ ಆಟ ಮುಗಿದು, ವೇಷದವರು ಬಣ್ಣ ತೆಗೆದು ಮನೆಗೆ ಹೋಗಿ ಮಲಗಿದರೂ ನಿಮ್ಮ ಫೈಲ್ ಇನ್ನೂ ಹೋಗುತ್ತಲೇ ಇರುತ್ತದೆ.

ಮದ್ದು ಎರಡು. ವಿಡಿಯೋವನ್ನು ರಾತ್ರಿಯೇ 3 ಅಥವಾ 4 ಎಂಬಿಪಿಎಸ್‌ಗೆ ಕುಗ್ಗಿಸಿ ಇನ್ನೊಂದು ಪ್ರತಿ ಮಾಡಿಡಿ. ಜೆಲ್ಲಿಫಿನ್‌ನಲ್ಲಿ ಹೊರಗಿನವರಿಗೆ ಇಷ್ಟೇ ವೇಗ ಅಂತ ಮಿತಿಯನ್ನೂ ಹಾಕಬಹುದು. ಇನ್ನೊಂದು, ರೂಟರಿನಲ್ಲಿ ಸರ್ವರಿನ ಅಪ್‌ಲೋಡನ್ನು ಒಟ್ಟು ವೇಗದ ಮುಕ್ಕಾಲಿಗೆ ಕಟ್ಟಿಹಾಕಿ. ಅಪ್‌ಲೋಡ್ ತುಂಬಿದರೆ ಡೌನ್‌ಲೋಡೂ ತೆವಳುತ್ತದೆ. ಆಗ ಮನೆಯವರು ಬೈಯುವುದು ಕೇಬಲ್‌ನವರನ್ನಲ್ಲ, ನಿಮ್ಮನ್ನು.

ಮನೆಯೊಳಗೆ ಎಲ್ಲ ಸರಿ. ಹೊರಗಿನವರಿಗೆ ಸರ್ವರಿನ ದಾರಿ ಬಿಡುವಂತೆ ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿದ್ದೇನೆ. ಹೊರಗಿನಿಂದ ಮಾತ್ರ ಏನು ಮಾಡಿದರೂ ಸಿಗುತ್ತಿಲ್ಲ.

ನನಗೆ ಬರುವ ಹತ್ತು ಫೋನಿನಲ್ಲಿ ಆರು ಇದೇ. ಒಂದು ವಾರ ಅದನ್ನೂ ಇದನ್ನೂ ತಿರುಗಿಸಿ ತಲೆ ಕೆಟ್ಟು ಫೋನ್ ಮಾಡಿರುತ್ತಾರೆ. ತಪ್ಪು ಅವರದ್ದಲ್ಲ. ಅವರು ಸಿಜಿನ್ಯಾಟ್‌ನ ಹಿಂದೆ ಇದ್ದಾರೆ.

ಹಳೆಯ ಬಗೆಯ ಐಪಿ ವಿಳಾಸಗಳು, ಅಂದರೆ ಐಪಿವಿ4, ಲೋಕಕ್ಕೆಲ್ಲ ಸೇರಿ ಇರುವುದು ಸುಮಾರು 430 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಖಾಲಿಯಾಯಿತು. ಏಷ್ಯಾ ಪೆಸಿಫಿಕ್‌ಗೆ ಹಂಚುವ ಎಪಿನಿಕ್ ಅದೇ ಏಪ್ರಿಲ್‌ನಲ್ಲಿ ತನ್ನ ಕೊನೆಯ ಕಟ್ಟಿಗೆ ಬಂತು. ಆಮೇಲೆ ಬೆಳೆದ ಸಣ್ಣ ಕಂಪನಿಗಳಿಗೆ ಮನೆಗೊಂದು ವಿಳಾಸ ಕೊಡುವಷ್ಟು ಎಲ್ಲಿಂದ ಬರಬೇಕು? ಒಂದೇ ವಿಳಾಸವನ್ನು ನೂರಾರು ಮನೆಗೆ ಹಂಚಿದರು. ಇದೇ ಸಿಜಿನ್ಯಾಟ್.

ಮಂಗಳೂರಿನ ಕದ್ರಿಯಲ್ಲಿ ತುಂಬ ಮನೆಗಳಿರುವ ಒಂದು ಫ್ಲಾಟ್ ಕಟ್ಟಡ ಅಂದುಕೊಳ್ಳಿ. ಒಳಗಿನವರು ಹೊರಗೆ ಹೋಗಬಹುದು, ಬೇಕಾದ್ದು ತರಿಸಿಕೊಳ್ಳಬಹುದು. ಆದರೆ ಹೊರಗಿನಿಂದ ಒಂದು ಕಾಗದ ಬಂತು. ಮೇಲೆ ಫ್ಲಾಟಿನ ಹೆಸರು ಮಾತ್ರ, ಮನೆ ನಂಬರ್ ಇಲ್ಲ. ವಾಚ್‌ಮನ್ ಯಾರಿಗೆ ಕೊಡಬೇಕು? ಬಿಸಾಡುತ್ತಾನೆ. ನಿಮ್ಮ ಮನೆಯ ಬಾಗಿಲನ್ನು ನೀವು ಎಷ್ಟು ತೆರೆದಿಟ್ಟರೂ ಗೇಟಿನಲ್ಲಿ ಕಾಗದ ನಿಂತಿದೆ. ನಿಮ್ಮ ಪೋರ್ಟ್ ಫಾರ್ವರ್ಡ್ ಕೆಲಸ ಮಾಡದೆ ಇರುವುದು ಹೀಗೆ.

ನಮ್ಮದೂ ಹಾಗೇನಾ ಅಂತ ಗೊತ್ತಾಗುವುದು ಹೇಗೆ?

ಎರಡು ನಿಮಿಷದ ಕೆಲಸ. ರೂಟರಿನ ಪುಟಕ್ಕೆ ಹೋಗಿ "ವ್ಯಾನ್ ಐಪಿ" ಅಂತ ಇರುವುದನ್ನು ಬರೆದುಕೊಳ್ಳಿ. ಆಮೇಲೆ ಬ್ರೌಸರಿನಲ್ಲಿ "ನನ್ನ ಐಪಿ ಏನು" ಅಂತ ಹುಡುಕಿ. ಎರಡೂ ಒಂದೇ ಇದ್ದರೆ ನಿಮ್ಮ ಅದೃಷ್ಟ. ರೂಟರಿನಲ್ಲಿರುವುದು 100.64ರಿಂದ 100.127ರ ಒಳಗೆ ಶುರುವಾಗುತ್ತಿದ್ದರೆ ಸಿಜಿನ್ಯಾಟ್, ಸಂಶಯ ಬೇಡ. ಆ ಪಟ್ಟಿಯನ್ನು 2012ರಲ್ಲಿ ಇದಕ್ಕೆಂದೇ ಮೀಸಲಿಟ್ಟದ್ದು.

10, 192.168, ಅಥವಾ 172.16ರಿಂದ 172.31ರ ಒಳಗಿನದ್ದು ಕಂಡರೆ ಸ್ವಲ್ಪ ತಾಳಿ. ಕೇಬಲ್‌ನವರು ಇಟ್ಟ ಡಬ್ಬವೂ ರೂಟರ್ ಆಗಿ, ಅದರ ಹಿಂದೆ ನಿಮ್ಮ ರೂಟರೂ ಇದ್ದರೆ ಹೀಗೇ ಕಾಣುತ್ತದೆ. ಅವರ ಡಬ್ಬವನ್ನು "ಬ್ರಿಡ್ಜ್ ಮೋಡ್‌ಗೆ ಹಾಕಿ" ಅನ್ನಿ. ಆಮೇಲೆ ಮತ್ತೊಮ್ಮೆ ನೋಡಿ.

ಸಿಜಿನ್ಯಾಟ್ ಅಂತ ಗೊತ್ತಾಯಿತು. ಮುಂದೆ?

ಮೊದಲು ಕೇಬಲ್ ಆಫೀಸಿಗೆ ಹೋಗಿ "ಸ್ಟ್ಯಾಟಿಕ್ ಐಪಿ ಉಂಟಾ" ಅಂತ ಕೇಳಿ, ಅಂದರೆ ನಿಮ್ಮ ಮನೆಗೇ ಅಂತ ಬದಲಾಗದ ಒಂದು ವಿಳಾಸ. ಫೋನಿನಲ್ಲಿ ಕೇಳಬೇಡಿ, ಹೋಗಿ ಕೇಳಿ. ಫೋನ್ ಎತ್ತುವ ಹುಡುಗ ಇಲ್ಲ ಅಂದದ್ದನ್ನು ಒಳಗೆ ಕೂತ ಟೆಕ್ನಿಷಿಯನ್ "ಉಂಟಲ್ಲ, ವರ್ಷಕ್ಕೆ ಇಷ್ಟು" ಅಂದದ್ದಿದೆ. ಹೆಚ್ಚಾಗಿ ಸಿಸಿ ಕ್ಯಾಮೆರಾದವರಿಗೆ ಕೊಟ್ಟು ಅಭ್ಯಾಸ ಇರುತ್ತದೆ.

ಅದಕ್ಕೂ ಮೊದಲು ಹೊಸ ಬಗೆಯ ವಿಳಾಸ, ಐಪಿವಿ6, ಇದೆಯಾ ನೋಡಿ. ಇದ್ದರೆ ಮನೆಯ ಪ್ರತಿ ಯಂತ್ರಕ್ಕೂ ಅದರದ್ದೇ ವಿಳಾಸ ಸಿಗುತ್ತದೆ, ಗೇಟಿನ ಗೋಳೇ ಇಲ್ಲ. ರೂಟರಿನ ಫೈರ್‌ವಾಲಿನಲ್ಲಿ ಆ ಒಂದು ಯಂತ್ರಕ್ಕೆ ದಾರಿ ಬಿಟ್ಟರೆ ಸಾಕು. ಆದರೆ ನೋಡುವವರ ಕಡೆಯೂ ಐಪಿವಿ6 ಇರಬೇಕು. ನಮ್ಮ ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಹೆಚ್ಚಾಗಿ ಇರುತ್ತದೆ. ಆಫೀಸ್ ವೈಫೈಯಲ್ಲಿ ಇರುತ್ತದೆ ಅಂತ ನಂಬಬೇಡಿ.

ಎರಡೂ ಇಲ್ಲದಿದ್ದರೆ ಒಳಗಿನಿಂದ ಹೊರಗೆ ಸುರಂಗ ತೋಡಬೇಕು. ಟೇಲ್‌ಸ್ಕೇಲ್ ಅತಿ ಸುಲಭ. ಸರ್ವರಿಗೂ ಮನೆಯವರ ಫೋನಿಗೂ ಹಾಕಿದರೆ ಎಲ್ಲ ಒಂದೇ ಮನೆಯಲ್ಲಿದ್ದ ಹಾಗೆ. ಒಳಗೆ ಇರುವುದು ವೈರ್‌ಗಾರ್ಡ್, 2020ರಲ್ಲಿ ಲಿನಕ್ಸ್ 5.6ರ ಜೊತೆಗೇ ಸೇರಿಕೊಂಡ ವಿಪಿಎನ್, ಅಂದರೆ ಹೊರಗಿನವರು ಒಳಗೆ ನೋಡಲಾಗದ ಸುರಂಗ. ಕ್ಲೌಡ್‌ಫ್ಲೇರ್ ಟನಲ್ ಬಳಸಿದರೆ ನೋಡುವವರು ಏನನ್ನೂ ಹಾಕಿಕೊಳ್ಳಬೇಕಿಲ್ಲ, ಬ್ರೌಸರ್ ಸಾಕು. ಆದರೆ ನಿಮ್ಮ ಮಾಹಿತಿ ಅವರ ಯಂತ್ರದಲ್ಲಿ ಬಿಚ್ಚಿಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ. ಗಂಟೆಗಟ್ಟಲೆ ವಿಡಿಯೋ ಹರಿಸಲು ಅದು ಇರುವುದೂ ಅಲ್ಲ. ಪೂರ್ತಿ ನಿಮ್ಮ ಕೈಯಲ್ಲೇ ಇರಬೇಕೆಂದರೆ ಮುಂಬೈ ಅಥವಾ ಬೆಂಗಳೂರಿನಲ್ಲಿ ಪಬ್ಲಿಕ್ ವಿಳಾಸ ಇರುವ ಒಂದು ಸಣ್ಣ ಸರ್ವರ್ (ವಿಪಿಎಸ್) ಬಾಡಿಗೆಗೆ ತಗೊಂಡು, ಮನೆಯಿಂದ ಅಲ್ಲಿಗೆ ವೈರ್‌ಗಾರ್ಡ್ ಕಟ್ಟಿ.

ನಾನೀಗ ಸ್ಟ್ಯಾಟಿಕ್ ಐಪಿ ಇದ್ದರೂ ಸುರಂಗವನ್ನೇ ಬಳಸುತ್ತೇನೆ. ಬರುವವರು ನಾಲ್ಕೇ ಜನ, ಅವರೆಲ್ಲ ಮನೆಯವರು. ನಾಲ್ಕು ಜನರಿಗೋಸ್ಕರ ಲೋಕಕ್ಕೆಲ್ಲ ಬಾಗಿಲು ಯಾಕೆ?

ಪಬ್ಲಿಕ್ ಐಪಿ ಉಂಟು, ಆದರೆ ಬದಲಾಗುತ್ತಾ ಇರುತ್ತದೆ.

ಡೈನಾಮಿಕ್ ಡಿಎನ್‌ಎಸ್ ಹಾಕಿ. ಡಿಎನ್‌ಎಸ್ ಅಂದರೆ ಹೆಸರು ಕೇಳಿದರೆ ಐಪಿ ಹೇಳುವ ಪುಸ್ತಕ; ಐಪಿ ಬದಲಾದರೂ ನಿಮ್ಮ ಹೆಸರು ಒಂದೇ ಇರುತ್ತದೆ. ಡಕ್‌ಡಿಎನ್‌ಎಸ್ ಪುಕ್ಕಟೆ. ಐಪಿ ಬದಲಾದಾಗಲೆಲ್ಲ ಸರ್ವರ್ರೇ ಹೋಗಿ ಹೊಸದನ್ನು ಬರೆಸಿ ಬರುತ್ತದೆ. ಸಿಜಿನ್ಯಾಟ್ ಇದ್ದವರಿಗೆ ಇದರಿಂದ ಪ್ರಯೋಜನ ಇಲ್ಲ. ಅದನ್ನು ಮರೆತು ಎರಡು ದಿನ ಕಳೆದವರು ಉಂಟು.

ಆ ಹೆಸರು ಹೊರಗೆ ತೆರೆಯುತ್ತದೆ, ಮನೆಯ ವೈಫೈಯಲ್ಲಿ ಮಾತ್ರ ಇಲ್ಲ!

ರೂಟರಿಗೆ ಒಳಗಿನಿಂದ ಹೊರಟು ತನ್ನ ಬಾಗಿಲಿಗೇ ವಾಪಸ್ ಬರುವುದು ಗೊತ್ತಿಲ್ಲ. ಮನೆಯೊಳಗಿನ ಡಿಎನ್‌ಎಸ್ ನೋಡಿಕೊಳ್ಳುವ ಪೈಹೋಲ್ ಹಾಕಿ, ಮನೆಯೊಳಗೆ ಆ ಹೆಸರಿಗೆ ಸರ್ವರಿನ ಒಳ ವಿಳಾಸ ಬರೆದುಬಿಡಿ.

ಅಣ್ಣ ದುಬೈಯಲ್ಲಿದ್ದಾನೆ. ಅವನಿಗೆ ವಿಪಿಎನ್ ಹಾಕಿಕೊಡಬಹುದಾ?

ಶಾರ್ಜಾದ ನಮ್ಮ ಅಣ್ಣನಿಗೆ ನಾನು ಹಾಕಿಕೊಟ್ಟಿಲ್ಲ. ಯುಎಇಯ ಸೈಬರ್ ಕಾನೂನಿನಲ್ಲಿ ಅಪರಾಧ ಮಾಡಲು ಅಥವಾ ಮುಚ್ಚಿಡಲು ಐಪಿ ಮರೆಮಾಚಿದರೆ ಶಿಕ್ಷೆ ಉಂಟು. ಮನೆಯ ಫೋಟೋ ನೋಡುವುದು ಅಪರಾಧವಲ್ಲ, ನಿಜ. ಆದರೆ ಅದೇ ವಿಪಿಎನ್ ಆನ್ ಇದ್ದಾಗ ಅಲ್ಲಿ ತಡೆದಿರುವ ವಿಡಿಯೋ ಕಾಲ್ ಮಾಡಿಬಿಟ್ಟರೆ? ಬೇರೆ ದೇಶದಲ್ಲಿ ಕೆಲಸ ಮಾಡುವವನಿಗೆ ಆ ತಲೆಬಿಸಿ ಯಾಕೆ ಕೊಡಬೇಕು ಮಾರಾಯ್ರೆ. ಅಣ್ಣನಿಗೆ ಬ್ರೌಸರಿನಲ್ಲಿ ತೆರೆಯುವ ಒಂದು ಲಿಂಕ್, ಉದ್ದದ ಪಾಸ್‌ವರ್ಡ್, ಮೇಲೆ ಆರು ಅಂಕಿಯ ಒಟಿಪಿ ಆ್ಯಪ್. ಅಷ್ಟೇ.

ಪಾಸ್‌ವರ್ಡ್ ಉಂಟಲ್ಲ. ಪೋರ್ಟ್ ತೆರೆದಿಟ್ಟರೆ ಏನಾಗುತ್ತದೆ?

ಒಂದು ಸಲ ಪರೀಕ್ಷೆಗೆ ಅಂತ ದೂರದಿಂದ ಸರ್ವರಿಗೆ ಲಾಗಿನ್ ಆಗುವ 22ನೇ ಪೋರ್ಟ್ ತೆರೆದಿಟ್ಟು ಊಟಕ್ಕೆ ಹೋಗಿದ್ದೆ. ಬಂದು ಲಾಗ್ ನೋಡಿದರೆ ಅಡ್ಮಿನ್, ರೂಟ್, ಟೆಸ್ಟ್, ಪೈ ಅಂತ ಒಂದರ ಹಿಂದೆ ಒಂದು ಹೆಸರು ಹಾಕಿ ತಟ್ಟುತ್ತಿದ್ದರು. ಸಾಲುಗಳು ಓಡುತ್ತಲೇ ಇದ್ದವು. ನನ್ನ ಮೇಲೆ ಯಾರಿಗೂ ದ್ವೇಷ ಇಲ್ಲ. ಅವು ಯಂತ್ರಗಳು, ಎಲ್ಲ ವಿಳಾಸವನ್ನೂ ತಟ್ಟುತ್ತವೆ.

ಪಾಸ್‌ವರ್ಡ್ ಲಾಗಿನ್ ಪೂರ್ತಿ ಆಫ್ ಮಾಡಿ ಕೀ ಫೈಲ್ ಮಾತ್ರ ಇಡಿ. ರೂಟರಿನ ಯುಪಿಎನ್‌ಪಿ ಆಫ್ ಮಾಡಿ, ಇಲ್ಲದಿದ್ದರೆ ಒಳಗಿನ ಯಾವುದೋ ಸಾಧನ ನಿಮ್ಮನ್ನು ಕೇಳದೆ ಬಾಗಿಲು ತೆರೆಯುತ್ತದೆ. ಅಪ್‌ಡೇಟ್ ತನ್ನಷ್ಟಕ್ಕೆ ಆಗುವ ಹಾಗೆ ಇಡಿ.

ಇಲ್ಲಿ ಸಿಸಿ ಕ್ಯಾಮೆರಾದ ಮಾತು ಹೇಳಲೇಬೇಕು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ವಯಸ್ಸಾದ ಅಪ್ಪ ಅಮ್ಮ ಇಬ್ಬರೇ. ಮಕ್ಕಳು ಗಲ್ಫಿನಿಂದ ನೋಡಲಿ ಅಂತ ಕ್ಯಾಮೆರಾದವನು ರೆಕಾರ್ಡ್ ಮಾಡುವ ಡಬ್ಬದ, ಅಂದರೆ ಡಿವಿಆರ್‌ನ, ಪೋರ್ಟನ್ನು ಸೀದಾ ಹೊರಗೆ ತೆರೆದು, ಪಾಸ್‌ವರ್ಡ್ ಡಬ್ಬದಲ್ಲಿ ಬಂದದ್ದನ್ನೇ ಬಿಟ್ಟು ಹೋಗಿರುತ್ತಾನೆ. 2016ರ ಮಿರಾಯ್ ಎಂಬ ಮಾಲ್‌ವೇರ್ ಇಂಥ ಕ್ಯಾಮೆರಾ, ಡಿವಿಆರ್‌ಗಳನ್ನೇ ಹಿಡಿದದ್ದು. ಅದರ ಹತ್ತಿರ ಇದ್ದದ್ದು ಫ್ಯಾಕ್ಟರಿ ಪಾಸ್‌ವರ್ಡ್‌ಗಳ ಒಂದು ಸಣ್ಣ ಪಟ್ಟಿ. ಆ ಡಬ್ಬಗಳನ್ನೆಲ್ಲ ಸೇರಿಸಿ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ಬಿಟ್ಟಾಗ ಅಮೆರಿಕದಲ್ಲಿ ದೊಡ್ಡ ದೊಡ್ಡ ಸೈಟ್‌ಗಳೇ ತೆರೆಯಲಿಲ್ಲ. ನಿಮ್ಮ ಮನೆ ಡಿವಿಆರ್ ಹೊರಗೆ ತೆರೆದಿದೆಯಾ ಅಂತ ಸರ್ವರ್ ಕಟ್ಟುವ ಮೊದಲೇ ನೋಡಿ. ಇದ್ದರೆ ಮುಚ್ಚಿ, ಅದನ್ನೂ ಸುರಂಗದೊಳಗೆ ತನ್ನಿ.

ಬ್ರೌಸರಿನಲ್ಲಿ "ಸುರಕ್ಷಿತವಲ್ಲ" ಅಂತ ಬರುತ್ತದೆ. ಬೀಗದ ಸರ್ಟಿಫಿಕೇಟಿಗೆ ದುಡ್ಡು ಕೊಡಬೇಕಾ?

ಬೇಡ. ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ ಕೊಡುತ್ತದೆ. ಅವಧಿ ಕಡಿಮೆ, ಹಾಗಾಗಿ ತನ್ನಷ್ಟಕ್ಕೆ ನವೀಕರಣ ಆಗುವ ಹಾಗೆ ಇಡಬೇಕು. 80ನೇ ಪೋರ್ಟ್ ಕೇಬಲ್‌ನವರ ಕಡೆ ಮುಚ್ಚಿದ್ದರೆ ಡಿಎನ್‌ಎಸ್ ಮೂಲಕ ಸಾಬೀತು ಮಾಡುವ ವಿಧಾನ ಆರಿಸಿ. ಅದಕ್ಕೆ ಯಾವ ಪೋರ್ಟೂ ಬೇಡ.

ನನ್ನದೇ ಮೇಲ್ ಸರ್ವರ್ ಇಡಬೇಕೆಂದು ಆಸೆ.

ಬಿಟ್ಟುಬಿಡಿ. ಮನೆ ನೆಟ್‌ನಲ್ಲಿ 25ನೇ ಪೋರ್ಟ್ ಹೊರಗೆ ಹೋಗಲು ಬಿಡದವರೇ ಜಾಸ್ತಿ. ಬಿಟ್ಟರೂ ಸ್ಪ್ಯಾಮ್‌ಹೌಸ್‌ನಂಥವರ ಪಟ್ಟಿಯಲ್ಲಿ "ಇದು ಮನೆ ಸಂಪರ್ಕ, ಇಲ್ಲಿಂದ ಮೇಲ್ ಬರಬಾರದು" ಅಂತ ಇರುತ್ತದೆ. ಐಪಿಯಿಂದ ಹೆಸರಿಗೆ ಹೋಗುವ ರಿವರ್ಸ್ ಡಿಎನ್‌ಎಸ್ ನಿಮ್ಮ ಕೈಯಲ್ಲಿಲ್ಲ. ನೀವು ಕಳಿಸಿದ ಮದುವೆ ಕಾಗದ ಎಲ್ಲರ ಸ್ಪ್ಯಾಮ್ ಡಬ್ಬದಲ್ಲಿ ಕೂತು, ಊಟಕ್ಕೆ ಜನ ಬಾರದೆ ಹೋದರೆ ಕಷ್ಟ.

ಸಿಡಿಲಿಗೆ ಏನು ಮಾಡುವುದು?

ಕರಾವಳಿಯಲ್ಲಿ ಸರ್ವರ್ ಸಾಯುವುದು ಹ್ಯಾಕರ್‌ನಿಂದಲ್ಲ, ಸಿಡಿಲಿನಿಂದ. ಅದೂ ಜುಲೈಯ ಜಡಿಮಳೆಯಲ್ಲಿ ಅಲ್ಲ. ಏಪ್ರಿಲ್ ಮೇ ತಿಂಗಳ ಸಂಜೆ ಮಳೆ, ಮತ್ತೆ ಅಕ್ಟೋಬರ್ ನವೆಂಬರಿನ ಹಿಂಗಾರು. ಆಗ ಹುಷಾರು.

ನಮ್ಮದು ಸುಟ್ಟದ್ದು ಒಂದು ಏಪ್ರಿಲ್ ಸಂಜೆ. ಮಳೆ ಇನ್ನೂ ಬಿದ್ದಿರಲಿಲ್ಲ. ಘಟ್ಟದ ಕಡೆ ಮಿಂಚುತ್ತಿತ್ತು. ಅಮ್ಮ ಟಿವಿ ಪ್ಲಗ್ ತೆಗೆದರು, ನಾನು ಸರ್ವರ್ ಪ್ಲಗ್, ರೂಟರ್ ಪ್ಲಗ್ ಎರಡೂ ಎಳೆದೆ. ಸಮಾಧಾನದಿಂದ ಚಾವಡಿಯಲ್ಲಿ ಕೂತೆ. ಒಂದು ಸಿಡಿಲು ತೋಟದ ಆಚೆ ಎಲ್ಲೋ ಬಿತ್ತು. ಒಳಗೆ "ಟಕ್" ಅಂತ ಸಣ್ಣ ಸದ್ದು. ಹೋಗಿ ನೋಡಿದರೆ ಪ್ಲಾಸ್ಟಿಕ್ ಕರಗಿದ ವಾಸನೆ. ಟಾರ್ಚ್ ಬಿಟ್ಟು ರೂಟರಿನ ಪೋರ್ಟ್ ಒಳಗೆ ನೋಡಿದೆ. ಚಿನ್ನದ ಬಣ್ಣದ ಎಂಟು ಪಿನ್ನುಗಳಲ್ಲಿ ಎರಡು ಕರಿದಾಗಿದ್ದವು. ಸರ್ವರಿನ ಪೋರ್ಟಿನದ್ದೂ ಅದೇ ಕತೆ. ಪ್ಲಗ್ ಎಳೆದಿದ್ದೆ, ಕಂಬದಿಂದ ತೆಂಗಿನ ಮರ ದಾಟಿ ಬರುವ ನೀಲಿ ಲ್ಯಾನ್ ವಯರ್ ಎಳೆದಿರಲಿಲ್ಲ. ಎಂಬತ್ತು ಮೀಟರ್ ತಾಮ್ರ ಆಕಾಶದ ಕೆಳಗೆ ಚಾಚಿಕೊಂಡು ಸೀದಾ ಮನೆಯೊಳಗೆ ಬಂದಿತ್ತು. ಅದೂ ಒಂದು ಆ್ಯಂಟೆನಾನೇ ಅಲ್ವಾ.

ಅದರಿಂದ ಕಲಿತದ್ದು ಇಷ್ಟು. ಫೈಬರ್ ಗಾಜು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಆದರೆ ಕಂಬದಿಂದ ತೂಗಿ ಬರುವ ಫೈಬರಿಗೆ ಆತುಕೊಂಡು ಒಂದು ಉಕ್ಕಿನ ತಂತಿ ಇರುತ್ತದೆ. ಅದನ್ನು ಹೊರಗೋಡೆಯಲ್ಲೇ ಕತ್ತರಿಸಿ ಕಟ್ಟಬೇಕು, ಒಳಗೆ ತರಬಾರದು. ಲೈನ್‌ಮನ್ ಅವಸರದಲ್ಲಿ ಜೊತೆಗೇ ಎಳೆದು ತರುತ್ತಾರೆ. ಎದುರು ನಿಂತು ಹೇಳಿ ಕತ್ತರಿಸಿ. ಲ್ಯಾನ್ ವಯರೇ ಗತಿ ಅಂದವರು ಲ್ಯಾನ್ ವಯರನ್ನು ಫೈಬರಿಗೆ ಜೋಡಿಸುವ ಎರಡು ಮೀಡಿಯಾ ಕನ್ವರ್ಟರ್ ತಗೊಂಡು ನಡುವೆ ಎರಡು ಮೀಟರ್ ಫೈಬರ್ ಹಾಕಿ. ವಯರಿನಲ್ಲಿ ಬಂದ ಸಿಡಿಲು ಮೊದಲ ಕನ್ವರ್ಟರನ್ನು ಸುಡಬಹುದು, ಮುಂದೆ ದಾಟಲು ತಾಮ್ರವಿಲ್ಲ. ಆದರೆ ಎರಡಕ್ಕೂ ಒಂದೇ ಪ್ಲಗ್ ಬೋರ್ಡ್ ಬೇಡ, ಇಲ್ಲದಿದ್ದರೆ ಸಿಡಿಲು ಆ ದಾರಿ ಹಿಡಿಯುತ್ತದೆ.

ಸರ್ಜ್ ಪ್ರೊಟೆಕ್ಟರ್ ಹಾಕಿದವರು ಅರ್ಥಿಂಗ್ ನೋಡಿ. ಅರ್ಥಿಂಗ್ ಸರಿ ಇಲ್ಲದ ಪ್ರೊಟೆಕ್ಟರ್ ಸುಮ್ನೆ ಒಂದು ಎಕ್ಸ್‌ಟೆನ್ಷನ್ ಬೋರ್ಡ್. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ನಿಲ್ಲುತ್ತದೆ. ಸಿಡಿಲು ಬರುವುದೂ ಆಗಲೇ. ಏಪ್ರಿಲ್‌ನಲ್ಲಿ ವಾರಕ್ಕೆರಡು ಸಲ ಅರ್ಥಿಂಗ್ ಗುಂಡಿಗೆ ಎರಡು ಕೊಡಪಾನ ನೀರು ಹೊಯ್ಯಿರಿ.

ಇಷ್ಟೆಲ್ಲ ಮಾಡಿದರೂ ಘಟ್ಟದ ಕಡೆ ಮಿಂಚಿದರೆ ಎದ್ದು ಹೋಗಿ ವಯರ್ ಎಳೆಯುವುದೇ ಸರಿ.

ಕರೆಂಟ್ ಹೋಗುತ್ತಾ ಬರುತ್ತಾ ಇರುತ್ತದೆ. ಯುಪಿಎಸ್ ಬೇಕಾ?

ಬೇಕೇ ಬೇಕು. ನೆಟ್ ನಿಲ್ಲಬಾರದು ಅಂತಲ್ಲ, ಫೈಲ್ ಕೆಡಬಾರದು ಅಂತ. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಸಾಯುತ್ತದೆ. ನನ್ನದು ಹಾಗೇ ಸತ್ತದ್ದು. ವಯರಿನ ಮೇಲೆ ತೆಂಗಿನ ಮಡಲು ಬಿದ್ದು ಒಂದು ರಾತ್ರಿಯಲ್ಲಿ ಏಳೆಂಟು ಸಲ ಕರೆಂಟ್ ಹೋಗಿ ಬಂದಿತ್ತು. ಬೆಳಿಗ್ಗೆ ಪೈಯ ಕೆಂಪು ದೀಪ ಉರಿಯುತ್ತಿದೆ, ಹಸಿರು ಮಿಣುಕುವುದೇ ಇಲ್ಲ. ಅಂದಿನಿಂದ ಕಾರ್ಡ್ ಬಿಟ್ಟು ಎಸ್‌ಎಸ್‌ಡಿಯಲ್ಲೇ ಎಲ್ಲ.

ಒಎನ್‌ಯು, ರೂಟರ್, ಪೈ ಮೂರೂ ಸೇರಿ ಸುಮಾರು 20 ವ್ಯಾಟ್. ಸಣ್ಣ ಯುಪಿಎಸ್‌ನ 12 ವೋಲ್ಟ್ 7 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಇರುವುದು 84 ವ್ಯಾಟ್ ಅವರ್. ನಷ್ಟ ಕಳೆದು ಎರಡೂವರೆ, ಮೂರು ಗಂಟೆ ಸಿಕ್ಕರೆ ಪುಣ್ಯ. ಇನ್ವರ್ಟರ್ ಇರುವ ಮನೆಯವರು ಅದರ ಲೈನಿಗೇ ಹಾಕಿ. ಬದಲಾಗುವ ಕ್ಷಣದಲ್ಲಿ ಯಂತ್ರ ರೀಸ್ಟಾರ್ಟ್ ಆದರೆ ಇನ್ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ಗೆ ತಿರುಗಿಸಿ.

ಮಳೆಗಾಲದಲ್ಲಿ ಬೇರೆ ಏನು ನೋಡಿಕೊಳ್ಳಬೇಕು?

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು. ಆಟಿ ತಿಂಗಳ ಮಳೆಯಲ್ಲಿ ಚಪ್ಪಲಿಗೇ ಬೂಷ್ಟು ಹಿಡಿಯುತ್ತದೆ. ಆದರೆ ಆನ್ ಇರುವ ಯಂತ್ರ ಬೆಚ್ಚಗಿರುತ್ತದೆ, ಅದಕ್ಕೆ ಅಷ್ಟು ತೊಂದರೆ ಇಲ್ಲ. ಆಫ್ ಮಾಡಿ ತಿಂಗಳು ಬಿಟ್ಟದ್ದೇ ಕೆಡುವುದು. ಮಲ್ಪೆ, ಪಣಂಬೂರು, ಉಳ್ಳಾಲದ ಕಡೆ ಸಮುದ್ರಕ್ಕೆ ಹತ್ತಿರ ಇರುವವರಿಗೆ ಉಪ್ಪು ಗಾಳಿ ಬೇರೆ. ಕಿಟಕಿಯ ಪಕ್ಕ ಇಡಬೇಡಿ.

ಬೆಚ್ಚಗಿರುವುದಕ್ಕೆ ಇನ್ನೊಂದು ಗಿರಾಕಿ ಇರುವೆ. ಮಳೆ ಶುರುವಾದರೆ ಮೊಟ್ಟೆ ಹೊತ್ತು ಒಎನ್‌ಯು ಒಳಗೇ ಸಂಸಾರ ಹೂಡುತ್ತವೆ. ಡಬ್ಬದ ಸುತ್ತ ಸೀಮೆಸುಣ್ಣದಂಥ ಇರುವೆ ಚಾಕ್‌ನಲ್ಲಿ ಗೆರೆ ಎಳೆಯಿರಿ. ವಯರ್ ಬರುವ ದಾರಿಗೂ ಎಳೆಯಿರಿ, ಅವು ಬರುವುದೇ ಅದರ ಮೇಲೆ.

ಎರಡು ಡಿಸ್ಕ್ ಹಾಕಿ ರೇಡ್ ಮಾಡಿದ್ದೇನೆ. ಬ್ಯಾಕಪ್ ಆಯ್ತಲ್ಲ?

ಇಲ್ಲ. ಹಾಗೆ ಮಾಡಿದ ರೇಡ್‌ನಲ್ಲಿ ಎರಡು ಡಿಸ್ಕಿಗೂ ಒಟ್ಟಿಗೇ ಒಂದೇ ಬರಹ, ಒಂದರಲ್ಲಿ ಅಳಿಸಿದರೆ ಎರಡರಲ್ಲೂ ಅಳಿಯುತ್ತದೆ. ಸಿಡಿಲು ಬಂದರೆ ಎರಡೂ ಸುಡುತ್ತವೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಇದು ಹಳೆಯ ನಿಯಮ, ಇದಕ್ಕಿಂತ ಒಳ್ಳೆಯದು ಇನ್ನೂ ಬಂದಿಲ್ಲ.

ನನ್ನ ಹೊರಗಿನ ಪ್ರತಿ ಮಂಗಳೂರಿನ ಬಿಜೈಯಲ್ಲಿ ಗೆಳೆಯನ ಮನೆಯಲ್ಲಿ ಉಂಟು. ಎರಡು ತಿಂಗಳಿಗೊಮ್ಮೆ ಹೋಗುವಾಗ ಡಿಸ್ಕ್ ಬದಲಿಸಿ ಬರುತ್ತೇನೆ. ಎನ್‌ಕ್ರಿಪ್ಟ್ ಮಾಡಿದ್ದೇನೆ, ಬಸ್ಸಿನಲ್ಲಿ ಮರೆತರೂ ಯಾರೂ ತೆರೆಯುವ ಹಾಗಿಲ್ಲ. 2 ಟಿಬಿಯನ್ನು 10 ಎಂಬಿಪಿಎಸ್‌ನಲ್ಲಿ ಕಳಿಸಲು ಹದಿನೆಂಟು ದಿನಕ್ಕೂ ಜಾಸ್ತಿ ಬೇಕು. ಎಕ್ಸ್‌ಪ್ರೆಸ್ ಬಸ್ಸಿಗೆ ಒಂದೂವರೆ ಗಂಟೆ.

ಅಪ್ಪ ನುಡಿ, ಬರಹ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆ ಫೈಲುಗಳನ್ನು ಹಾಕಿದೆ. ಹುಡುಕಿದರೆ ಏನೂ ಸಿಗುವುದಿಲ್ಲ.

ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡಿಗೆ ಪರಿವರ್ತನೆ ಮಾಡಿ ಇನ್ನೊಂದು ಪ್ರತಿ ಇಡಿ. ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಅಲ್ಲೇ ತಪ್ಪುವುದು. ಮೂಲ ಫೈಲನ್ನು ಬಿಸಾಡಬೇಡಿ.

ಕೇಬಲ್‌ನವರು ಆಕ್ಷೇಪ ಮಾಡುತ್ತಾರಾ?

ಮನೆಯವರ ಫೋಟೋಗೆ ಯಾರೂ ಕೇಳಿದ್ದಿಲ್ಲ. ಆದರೆ ಮನೆ ಪ್ಲ್ಯಾನಿನ ಷರತ್ತಿನಲ್ಲಿ ವ್ಯಾಪಾರಕ್ಕೆ ಬಳಸಬಾರದು ಅಂತ ಹೆಚ್ಚಾಗಿ ಇರುತ್ತದೆ, ಓದಿ. "ಅನ್‌ಲಿಮಿಟೆಡ್" ಅಂದರೂ ತಿಂಗಳಿಗೊಂದು ಮಿತಿ ಇರುತ್ತದೆ, ಸಾಮಾನ್ಯವಾಗಿ ಅಪ್‌ಲೋಡೂ ಅದರಲ್ಲೇ ಲೆಕ್ಕ. ಸಂಪರ್ಕ ನಿಮ್ಮ ಹೆಸರಿನಲ್ಲಿದೆ ಅನ್ನುವುದೂ ನೆನಪಿರಲಿ. ಹೊಸ ಸಿನಿಮಾ ತಂದಿಟ್ಟು ಊರಿಗೆಲ್ಲ ಲಿಂಕ್ ಹಂಚಿದರೆ ಹುಡುಕಿಕೊಂಡು ಬರುವುದು ನಿಮ್ಮ ಮನೆಗೇ.

ಅಂಗಡಿಯ ವೆಬ್‌ಸೈಟನ್ನೂ ಇದರಲ್ಲೇ ಇಡಬಹುದಾ?

ಬೇಡ. ಮಡಲು ಬಿದ್ದು ನೆಟ್ ಹೋದ ದಿನ ಅಂಗಡಿಗೂ ರಜೆ. ಮನೆಯವರಾದರೆ "ನಾಳೆ ನೋಡಿ" ಅಂದರೆ ಕೇಳುತ್ತಾರೆ.

ಹದಿನೈದು ದಿನ ಮನೆ ಬೀಗ ಹಾಕಿ ಹೋಗುವುದಿದೆ. ಆನ್ ಬಿಡಬೇಕಾ, ಆಫ್ ಮಾಡಬೇಕಾ?

ಜನವರಿಯಾದರೆ ಆನ್ ಇರಲಿ. ಏಪ್ರಿಲ್, ಮೇ, ಅಕ್ಟೋಬರ್ ಆದರೆ ಆಫ್ ಮಾಡಿ. ಪ್ಲಗ್ ಎಳೆಯಿರಿ, ಹೊರಗಿನಿಂದ ಬರುವ ವಯರೂ ಎಳೆಯಿರಿ. ಅಕ್ಕ, ಅಣ್ಣನಿಗೆ ಮೊದಲೇ ಒಂದು ಮೆಸೇಜ್ ಹಾಕಿ, ಇಲ್ಲದಿದ್ದರೆ ರಾತ್ರಿ ಫೋನ್ ಬರುತ್ತದೆ. ಪಕ್ಕದ ಮನೆಯವರಿಗೆ ಕೀ ಕೊಟ್ಟು ಹೋಗುವುದಾದರೆ ಯಾವುದನ್ನು ಎಳೆಯಬೇಕು ಅಂತ ಬಾಯಲ್ಲಿ ಹೇಳಬೇಡಿ. ಆ ವಯರಿಗೇ ಕೆಂಪು ಟೇಪ್ ಸುತ್ತಿ, "ಗುಡುಗಿದರೆ ಇದು" ಅಂತ ಚೀಟಿ ಅಂಟಿಸಿ. ಚೀಟಿಯ ಮೇಲೆ ಸೆಲ್ಲೋಟೇಪ್ ಹಾಕಿ, ಮಳೆಗಾಲದ ತೇವಕ್ಕೆ ಶಾಯಿ ಹರಡುತ್ತದೆ.